ನಡುಹಗಲು ಎಷ್ಟು ಹೊತ್ತಿಗೆ?

ದಾವಣಗೆರೆಯ ಮದುವೆ ಕರೆಯೋಲೆಗಳಲ್ಲಿ ಮತ್ತೆ ಮತ್ತೆ ಕಾಣುವ ಮಾತು: ಮಧ್ಯಾಹ್ನ ಸಲ್ಲುವ ಶುಭ ಅಭಿಜಿನ್ ಲಗ್ನ. ಹಗಲನ್ನು ಹದಿನೈದು ಮುಹೂರ್ತಗಳಾಗಿ ಹಂಚಿದರೆ ಎಂಟನೆಯದು ಅಭಿಜಿತ್. ಹಿಂದೆ ಏಳು, ಮುಂದೆ ಏಳು, ನಟ್ಟನಡುವೆ ಇದು.

ಮಧ್ಯಾಹ್ನವೆಂಬ ಮಾತೂ ಹೇಳುವುದು ಇಷ್ಟನ್ನೇ. ‘ಅಹನ್’ ಎಂದರೆ ಹಗಲು. ಅದರ ಮಧ್ಯ ಮಧ್ಯಾಹ್ನ. ಈ ಅಹನ್ ಕನ್ನಡದಲ್ಲಿ ಒಂಟಿಯಾಗಿ ಓಡಾಡುವುದಿಲ್ಲ, ಅಹೋರಾತ್ರಿ ಧರಣಿಯಂಥ ಕಡೆ ಜೊತೆಗಾರರೊಡನೆ ಕೂತಿರುತ್ತದೆ. ಗುರುತು ಸಿಗದ್ದರಿಂದಲೇ ಇರಬೇಕು, ಬರೆಯುವಾಗ ಹಲವರು ಒತ್ತು ಅದಲುಬದಲು ಮಾಡಿ ‘ಮಧ್ಯಾನ್ಹ’ ಎನ್ನುತ್ತಾರೆ. ಬಾಯಲ್ಲಿ ಅದು ಬರೀ ‘ಮದ್ಯಾನ’. ಅದರಿಂದ ಊಟವೇನೂ ತಡವಾಗಿಲ್ಲ.

ಗಮನಿಸಬೇಕಾದ್ದು, ಈ ಪದದಲ್ಲಿ ಹನ್ನೆರಡು ಗಂಟೆಯ ಸುಳಿವೇ ಇಲ್ಲ. ನಮ್ಮ ಗಡಿಯಾರ ನಂಬಿರುವುದು 82.5 ಡಿಗ್ರಿ ರೇಖಾಂಶವನ್ನು. ದಾವಣಗೆರೆ, ಹರಿಹರಗಳು 76ರ ಹತ್ತಿರ ಇವೆ. ಡಿಗ್ರಿಗೆ ನಾಲ್ಕು ನಿಮಿಷದಂತೆ ಇಲ್ಲಿ ಸೂರ್ಯ ನಡುವಿಗೆ ಬರುವುದು ಸರಾಸರಿ 12.26ಕ್ಕೆ, ಫೆಬ್ರುವರಿಯಲ್ಲಿ 12.40, ನವೆಂಬರ್ ಮೊದಲಲ್ಲಿ 12.10ರ ಆಸುಪಾಸು. ಮಿರ್ಚಿ ಮಂಡಕ್ಕಿ ಅಂಗಡಿಯ ಗೋಡೆ ಗಡಿಯಾರ ಹನ್ನೆರಡು ಹೊಡೆದಾಗ ಇಲ್ಲಿನ್ನೂ ಪೂರ್ವಾಹ್ಣವೇ. ಇಂಗ್ಲಿಷಿನ ‘ನೂನ್’ ಇನ್ನೂ ತಮಾಷೆಯದು: ಲ್ಯಾಟಿನ್ನಿನ ಒಂಬತ್ತನೇ ತಾಸು, ಅಂದರೆ ಮೂರು ಗಂಟೆ, ಕಾಲಕ್ರಮದಲ್ಲಿ ಜಾರಿ ಹನ್ನೆರಡಕ್ಕೆ ಬಂದು ಕೂತಿದೆ.

ಹಾಗಾದರೆ ನಡು ಒಂದು ಕ್ಷಣವೋ, ಒಂದು ಅವಧಿಯೋ? ಹರಿಹರದಲ್ಲಿ ಹೊಯ್ಸಳರ ಪೋಲಾಳ್ವ 1224ರಲ್ಲಿ ಕಟ್ಟಿಸಿದ ಗುಡಿಯ ಮೂರ್ತಿ ಬಲಕ್ಕೆ ಹರ, ಎಡಕ್ಕೆ ಹರಿ. ಎರಡೂ ಕೂಡುವ ಗೆರೆಗೆ ದಪ್ಪವಿಲ್ಲ. ಅದು ಯಾರ ಪಾಲಿನದೂ ಅಲ್ಲ. ಪೂರ್ವಾಹ್ಣ, ಅಪರಾಹ್ಣಗಳ ನಡುವಿನ ಕ್ಷಣವೂ ಹೀಗೆಯೇ ಹಿಡಿಯಲು ಸಿಗದು. ಶಾಸ್ತ್ರಕಾರರು ಜಾಣರು. ಹಗಲನ್ನು ಐದು ಪಾಲು ಮಾಡಿ ಮೂರನೆಯದಕ್ಕೆ ಮಧ್ಯಾಹ್ನವೆಂದರು, ಸುಮಾರು ಎರಡು ಗಂಟೆ ಇಪ್ಪತ್ನಾಲ್ಕು ನಿಮಿಷ. ಜನ ಅದನ್ನೂ ಹಿಗ್ಗಿಸಿ ‘ಮಧ್ಯಾಹ್ನ ಮೂರಕ್ಕೆ ಬಾ’ ಎಂದರು. ಕ್ಷಣಕ್ಕೇ ಒತ್ತು ಕೊಡಬೇಕಾದಾಗ ಮಾತ್ರ ‘ಮಟಮಟ ಮಧ್ಯಾಹ್ನ’. ಬದುಕುವುದಕ್ಕೆ ಅವಧಿ ಬೇಕು, ಬೆಚ್ಚುವುದಕ್ಕೆ ಕ್ಷಣ ಸಾಕು ಎಂದು ನನಗನ್ನಿಸುತ್ತದೆ.

ಆ ಕ್ಷಣವನ್ನು ಕಣ್ಣಾರೆ ಕಾಣಬೇಕೆಂದರೆ ಏಪ್ರಿಲ್ ಕೊನೆಯ ದಿನಗಳಲ್ಲಿ ಅಂಗಳದಲ್ಲೊಂದು ಕೋಲನ್ನು ನೆಟ್ಟಗೆ ನಿಲ್ಲಿಸಿ. ದಾವಣಗೆರೆಯಲ್ಲಿ ಅದರ ನೆರಳು ಬುಡಕ್ಕೆ ಸೇರಿಕೊಳ್ಳುವುದು ಸುಮಾರು 12.24ಕ್ಕೆ. ತಪ್ಪಿದರೆ ಆಗಸ್ಟ್ ನಡುಭಾಗದಲ್ಲಿ, ಮೋಡವಿರದಿದ್ದರೆ, ಇನ್ನೊಂದು ಅವಕಾಶವಿದೆ.