ಮೂಕ ಮೊಲ ಮತ್ತು ನಮ್ಮ ಮೈತ್ರಿ





ಇಂದಿನ ಚಿಂತನೆಗೆ ಕಾರಣ ನಮ್ಮ ಅಧ್ಯಯನ ಬಳಗದಲ್ಲಿ ಬಂದ ಒಂದು ಪ್ರಶ್ನೆ. "ಹುಡುಗರು ಹಟ ಮಾಡಿ ತಂದ ಬಿಳಿ ಮೊಲ ನಿನ್ನೆಯಿಂದ ಏನೂ ತಿಂದಿಲ್ರೀ. ಇಷ್ಟು ಸಣ್ಣ ಜೀವಕ್ಕ ಒಂದ್ ದಿನದ ಕೂಲಿ ಬಿಟ್ಟು ಮುಧೋಳದ ದವಾಖಾನಿಗೆ ಹೋಗಬೇಕೇನ್ರಿ?" ಪಕ್ಕದಲ್ಲಿದ್ದ ಹಿರಿಯರೊಬ್ಬರು, "ನಮ್ಮ ಮಂದಿಗೇ ಸರಿಯಾದ ದವಾಖಾನಿ ಇಲ್ಲ, ಮೊಲಕ್ಕ ಎಲ್ಲಿಂದ ತರೂದು?" ಅಂದರು.

ಹೋಗಬೇಕು, ಅದೂ ಇವತ್ತೇ ಹೋಗಬೇಕು ಎಂಬುದು ನನ್ನ ಉತ್ತರ. ಆದರೆ ಹಿರಿಯರ ಮಾತಿಗೆ ಮೊದಲು ಉತ್ತರ ಕೊಡದೆ ಮುಂದೆ ಹೋಗುವುದು ಸರಿಯಲ್ಲ. ಆ ಮಾತಿನ ಹಿಂದೆ ನಮ್ಮ ಇತಿಹಾಸವಿದೆ.

1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚೌದಾರ್ ಕೆರೆಗೆ ಇಳಿದು ನೀರು ಕುಡಿದರು. ಆ ಕೆರೆಯಲ್ಲಿ ದನಕರುಗಳಿಗೆ ತಡೆ ಇರಲಿಲ್ಲ, ನಮ್ಮವರಿಗೆ ಇತ್ತು. ಪ್ರಾಣಿಗೆ ಪೂಜೆ ಸಲ್ಲಿಸಿ ಮನುಷ್ಯನನ್ನು ದೂರ ನಿಲ್ಲಿಸಿದ ಸಮಾಜವನ್ನು ಕಂಡವರಿಗೆ "ಪ್ರಾಣಿದಯೆ" ಎಂಬ ಮಾತು ಕೇಳಿದರೆ ಅನುಮಾನ ಬರುವುದು ಸಹಜ. ಆ ಅನುಮಾನ ನ್ಯಾಯವಾದದ್ದೇ. ಆದರೆ ಮಹಾಡದ ಅನ್ಯಾಯ ಯಾವುದು ಎಂದು ಸರಿಯಾಗಿ ಗುರುತಿಸಬೇಕು. ದನ ನೀರು ಕುಡಿದದ್ದು ತಪ್ಪಾಗಿರಲಿಲ್ಲ. ಮನುಷ್ಯನಿಗೆ ನೀರು ಕೊಡದೆ ಇದ್ದದ್ದು ತಪ್ಪು. ಬಾಬಾಸಾಹೇಬರು ದನಗಳನ್ನು ಕೆರೆಯಿಂದ ಓಡಿಸಲು ಹೋಗಲಿಲ್ಲ, ಮನುಷ್ಯರನ್ನು ಕೆರೆಗೆ ಕರೆದುಕೊಂಡು ಹೋದರು. ಕೆರೆಯ ದಂಡೆ ಎಲ್ಲರಿಗೂ ಸಾಲುವಷ್ಟು ಅಗಲವಾಗಬೇಕು ಎಂಬುದೇ ಆ ಹೋರಾಟದ ಪಾಠ.

ಅದಕ್ಕೇ 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅವರು ಬೋಧಿಸಿದ 22 ಪ್ರತಿಜ್ಞೆಗಳಲ್ಲಿ 13ನೆಯದು ಎಲ್ಲ ಜೀವಿಗಳ ಮೇಲೆ ದಯೆ ಇಟ್ಟು ಅವುಗಳನ್ನು ಕಾಪಾಡುವ ಮಾತು. 'ಬುದ್ಧ ಮತ್ತು ಅವನ ಧಮ್ಮ' ಗ್ರಂಥದಲ್ಲಿ ಅವರು ಕರುಣೆ ಮತ್ತು ಮೈತ್ರಿಯನ್ನು ಬೇರೆ ಮಾಡಿ ತೋರಿಸಿದ್ದಾರೆ. ಕರುಣೆ ಮನುಷ್ಯರ ಮೇಲಿನ ಪ್ರೀತಿ. ಮೈತ್ರಿ ಅದಕ್ಕಿಂತ ದೊಡ್ಡದು, ಶತ್ರುವನ್ನೂ ಸಕಲ ಜೀವಿಗಳನ್ನೂ ಒಳಗೊಳ್ಳುವಂಥದ್ದು. ಮೈತ್ರಿಗೆ ಹೋಗುವ ದಾರಿ ಕರುಣೆಯನ್ನು ದಾಟಿಯೇ ಹೋಗುತ್ತದೆ. ಮನುಷ್ಯನನ್ನು ಬಿಟ್ಟು ಪ್ರಾಣಿಯನ್ನು ಅಪ್ಪಿಕೊಳ್ಳುವುದು ಮೈತ್ರಿ ಆಗಲಾರದು. ಮನುಷ್ಯನ ಹತ್ತಿರ ಬಂದು ಅಲ್ಲಿಯೇ ನಿಂತುಬಿಟ್ಟರೂ ಅದು ಪೂರ್ತಿ ಆಗುವುದಿಲ್ಲ.

ಮನೆಯಲ್ಲಿ ನೂರೇ ರೂಪಾಯಿ ಇದ್ದು, ಮಗುವಿಗೂ ಮೊಲಕ್ಕೂ ಔಷಧ ಬೇಕಾಗಿದ್ದರೆ ಮಗುವಿನದು ಮೊದಲು. ಇದನ್ನು ಹೇಳಲು ಸಂಕೋಚ ಬೇಡ. ಆದರೆ ಪ್ರಾಮಾಣಿಕವಾಗಿ ನೋಡಿದರೆ, ಬಹಳಷ್ಟು ಸಲ ತಕ್ಕಡಿಯ ಒಂದು ತಟ್ಟೆಯಲ್ಲಿ ಮೊಲ, ಇನ್ನೊಂದರಲ್ಲಿ ನಮ್ಮ ಬೇಸರ ಇರುತ್ತದೆ, ಮಗು ಇರುವುದಿಲ್ಲ.

"ಮೊಲದಿಂದ ಏನು ಉಪಯೋಗ? ಹಾಲು ಕೊಡ್ತದೋ, ನೇಗಿಲು ಎಳೀತದೋ?" ಎಂಬ ಮಾತೂ ಉಂಟು. ಭಗವಾನ್ ಬುದ್ಧರ ಕಾಲದಲ್ಲಿ ಒಬ್ಬ ಭಿಕ್ಖು ಭೇದಿಯಿಂದ ತನ್ನ ಹೊಲಸಿನಲ್ಲೇ ಬಿದ್ದುಕೊಂಡಿದ್ದ. ಯಾರೂ ಆರೈಕೆ ಮಾಡಿರಲಿಲ್ಲ. ಏಕೆಂದು ಕೇಳಿದಾಗ ಬಂದ ಉತ್ತರ, ಅವನಿಂದ ಉಳಿದವರಿಗೆ ಏನೂ ಉಪಯೋಗವಿಲ್ಲ ಎಂಬುದು. ಬುದ್ಧರು ಆನಂದನಿಂದ ನೀರು ತರಿಸಿ ತಾವೇ ಸುರಿದರು, ಆನಂದ ಅವನನ್ನು ತೊಳೆದ, ಆಮೇಲೆ ಇಬ್ಬರೂ ಎತ್ತಿ ಮಂಚದ ಮೇಲೆ ಮಲಗಿಸಿದರು. ಆಮೇಲೆ ಸಂಘವನ್ನು ಕೂಡಿಸಿ, ನನ್ನ ಸೇವೆ ಮಾಡಬೇಕೆನ್ನುವವರು ರೋಗಿಯ ಸೇವೆ ಮಾಡಲಿ ಎಂಬ ಅರ್ಥದ ಮಾತು ಹೇಳಿದರು. ಉಪಯೋಗದ ಲೆಕ್ಕ ರೋಗಿಯ ಹಾಸಿಗೆಯ ಹತ್ತಿರ ಬರಬಾರದು ಎಂಬುದು ಅಲ್ಲಿನ ತಿರುಳು.

ಇನ್ನು ಕೆಲವರು, "ಅನ್ನ ಬಿಟ್ಟೈತಿ, ಹೋಗೂ ಕಾಲ ಬಂತು, ಬಿಡ್ರಿ" ಅನ್ನುತ್ತಾರೆ. ನಮ್ಮ ಬೆಳಗಲಿ ರನ್ನನ ಊರು. ಬಳೆಗಾರರ ಮನೆತನದಲ್ಲಿ ಹುಟ್ಟಿ ಕವಿಚಕ್ರವರ್ತಿ ಎನಿಸಿಕೊಂಡವನ ಊರು. ಆತ ಜೈನಕವಿ, ಜೈನರಲ್ಲಿ ತಿಳಿದು ಸಂಕಲ್ಪ ಮಾಡಿ ಆಹಾರ ತೊರೆಯುವ ಸಲ್ಲೇಖನ ವ್ರತವಿದೆ. ಮೊಲ ಯಾವ ವ್ರತವನ್ನೂ ಹಿಡಿದಿಲ್ಲ. ಅದು ತಿನ್ನುತ್ತಿಲ್ಲ ಎಂದರೆ ಅದಕ್ಕೆ ತಿನ್ನಲು ಆಗುತ್ತಿಲ್ಲ ಎಂದರ್ಥ. ಅದನ್ನು ಹಣೆಬರಹ ಎಂದು ಬಿಡುವವರು ಕಾರಣ ಹುಡುಕುವ ಕೆಲಸ ತಪ್ಪಿಸಿಕೊಳ್ಳುತ್ತಿದ್ದಾರೆ. ಇದಿದ್ದರೆ ಅದು, ಇದು ನಿಂತರೆ ಅದು ನಿಲ್ಲುತ್ತದೆ ಎಂದು ನೋಡುವುದು ನಮ್ಮ ಧಮ್ಮದ ರೀತಿ.

ಹಾಗೆ ನೋಡೋಣ. ಮೊಲದ ಕರುಳು ಸದಾ ಚಲಿಸುತ್ತಿರಬೇಕು, ಒಣಹುಲ್ಲಿನ ನಾರು ಅದನ್ನು ನಡೆಸುತ್ತದೆ. ಅದರ ಹಲ್ಲುಗಳು ಬದುಕಿರುವ ತನಕ ಬೆಳೆಯುತ್ತವೆ, ಹುಲ್ಲು ಅಗಿದಾಗ ಸವೆಯುತ್ತವೆ. ಹುಲ್ಲು ಕಡಿಮೆಯಾಗಿ ಬಿಸ್ಕೀಟು, ಚಪಾತಿ, ಕಾಳು ಹೆಚ್ಚಾದರೆ ಹಲ್ಲು ಚೂಪಾಗಿ ನಾಲಿಗೆಗೆ ತಾಗುತ್ತದೆ, ಕರುಳು ನಿಧಾನವಾಗುತ್ತದೆ. ಹೊಟ್ಟೆಯಲ್ಲಿ ಗಾಳಿ ತುಂಬಿ ನೋವು, ನೋವಿಗೆ ತಿನ್ನುವುದು ಬಂದ್, ತಿನ್ನದಿದ್ದರೆ ಕರುಳು ಇನ್ನೂ ನಿಧಾನ. ಮೊಲಕ್ಕೆ ವಾಂತಿ ಮಾಡಲೂ ಬರುವುದಿಲ್ಲ. ಅದಕ್ಕೇ ಒಂದು ದಿನ ಲಂಘನ ಹಾಕಿದರೆ ಸರಿಹೋಗುತ್ತದೆ ಎಂಬ ನಮ್ಮ ರೂಢಿ ಇಲ್ಲಿ ನಡೆಯದು. ಅರ್ಧ ದಿನ, ಅಂದರೆ 12 ತಾಸು ಏನೂ ತಿನ್ನದೆ ಇದ್ದರೆ ಅದರ ಜೀವಕ್ಕೆ ಅಪಾಯ.

ಮಾಡಬೇಕಾದದ್ದು ಇಷ್ಟು. ಹಿಕ್ಕೆ ಬಿದ್ದಿವೆಯೇ, ಸಣ್ಣದಾಗಿವೆಯೇ ನೋಡಿ. ಕಿವಿ ತಣ್ಣಗಿದ್ದರೆ ಬಟ್ಟೆ ಹೊದಿಸಿ ಬೆಚ್ಚಗಿಡಿ. ಕುಡಿಯಲು ನೀರು, ತಾಜಾ ಕರಕಿ ಹುಲ್ಲು, ಒಂದಿಷ್ಟು ಕೊತ್ತಂಬರಿ ಮುಂದೆ ಇಡಿ. ಮನೆಯಲ್ಲಿ ಉಳಿದ ಮನುಷ್ಯರ ಗುಳಿಗೆ ಕೊಡಬೇಡಿ. ಕೆಲವು ಆಂಟಿಬಯೋಟಿಕ್‌ಗಳು ಮೊಲದ ಕರುಳಿನ ಒಳ್ಳೆಯ ಜೀವಾಣುಗಳನ್ನು ಕೊಂದು ಮೊಲವನ್ನೇ ಕೊಲ್ಲುತ್ತವೆ. ಹೊಟ್ಟೆ ಉಬ್ಬಿ ಗಟ್ಟಿಯಾಗಿದ್ದರೆ ಒತ್ತಾಯದಿಂದ ತಿನ್ನಿಸಬೇಡಿ. ತಡಮಾಡದೆ ಸರ್ಕಾರಿ ಪಶು ಆಸ್ಪತ್ರೆಗೆ ಒಯ್ಯಿರಿ, ಅಥವಾ 1962ಕ್ಕೆ ಫೋನ್ ಮಾಡಿ. ವೈದ್ಯರು ನೋವಿಗೆ ಔಷಧ ಕೊಟ್ಟು, ಕೈಯಿಂದ ತಿನ್ನಿಸಿ ಎಂದು ಹೇಳಿದರೆ, ಮೊಲದ ಆಹಾರವನ್ನು ನೆನೆಸಿ ತೆಳ್ಳಗೆ ಮಾಡಿ, ಸೂಜಿ ಇಲ್ಲದ ಸಿರಿಂಜ್‌ನಿಂದ ಬಾಯಿಯ ಪಕ್ಕದಿಂದ ಸ್ವಲ್ಪ ಸ್ವಲ್ಪ ಹಾಕಬೇಕು. ಅಂಗಾತ ಮಲಗಿಸಬಾರದು. ನುಂಗಿದ ಮೇಲೆ ಮತ್ತೊಂದು ಹನಿ. ರಾತ್ರಿಯೂ ಎದ್ದು ಹಾಕಬೇಕಾಗುತ್ತದೆ. ಮೈತ್ರಿಯ ಕೆಲಸ ಹೀಗೆಯೇ ಇರುತ್ತದೆ.

"ತಾನು ಹಿಡಿದ ಮೊಲಕ್ಕೆ ಮೂರೇ ಕಾಲು" ಎಂಬ ಗಾದೆ ನಮಗೆಲ್ಲ ಗೊತ್ತು. "ಇದಕ್ಕ ಏನೂ ಆಗಿಲ್ಲ, ಸೊಕ್ಕು ಬಂದೈತಿ" ಎಂದು ನೋಡದೆ ಹೇಳುವವರು ಆ ಮೂರು ಕಾಲಿನವರೇ. ಎಣಿಸಿ ನೋಡಬೇಕು, ನಾಲ್ಕಿವೆ.

ಮುಧೋಳ ಬೇಟೆನಾಯಿಗೆ ಹೆಸರಾದ ಸೀಮೆ. ಈ ನಾಯಿಗಳನ್ನು ಸಾಕಿದ್ದು ಮೊಲದಂಥ ಓಡುವ ಬೇಟೆಗೆ. ಸದಾ ಬೇಟೆಯಾಗುತ್ತ ಬಂದ ಜೀವಿ ನೋವನ್ನು ತೋರಿಸುವುದಿಲ್ಲ. ತೋರಿಸಿದರೆ ಮೊದಲು ಸಿಕ್ಕಿಬೀಳುವುದು ಅದೇ. ಅದು ಚೀರುವುದಿಲ್ಲ, ಮೂಲೆಯಲ್ಲಿ ಮುದುಡಿ ಕೂತು ಮೆಲ್ಲಗೆ ಹಲ್ಲು ಕಡಿಯುತ್ತದೆ. ಹೊಲದಲ್ಲಿನ ಕಾಡುಮೊಲ ತನಗೆ ಬೇಕಾದ ಸೊಪ್ಪನ್ನು ತಾನೇ ಹುಡುಕಿಕೊಳ್ಳುತ್ತದೆ. ಗೂಡಿನಲ್ಲಿ ಇಟ್ಟದ್ದಕ್ಕೆ ಆ ದಾರಿಯನ್ನು ಮುಚ್ಚಿದವರು ನಾವು. ದಾರಿ ಮುಚ್ಚಿದವರ ಮೇಲೆ ಋಣ ಇರುತ್ತದೆ.

1920ರಲ್ಲಿ ಬಾಬಾಸಾಹೇಬರು ಪತ್ರಿಕೆ ಆರಂಭಿಸಿದಾಗ ಅದಕ್ಕೆ 'ಮೂಕನಾಯಕ' ಎಂದು ಹೆಸರಿಟ್ಟರು. ಮೂಕರೆಂದರೆ ನೋವಿಲ್ಲದವರು ಎಂದು ತಿಳಿದಿದ್ದ ಸಮಾಜಕ್ಕೆ ಅದು ಉತ್ತರವಾಗಿತ್ತು. ಸದ್ದಿಲ್ಲದ ನೋವು ಎಂದರೆ ಏನೆಂದು ನಮ್ಮ ಅಜ್ಜ ಅಜ್ಜಿಯರಿಗೆ ಗೊತ್ತಿತ್ತು. ಹಾಗಾಗಿ ಮೂಕಪ್ರಾಣಿಯ ನೋವನ್ನು ಗುರುತಿಸುವುದು ನಮಗೆ ಉಳಿದವರಿಗಿಂತ ಬೇಗ ಬರಬೇಕು.

ಇಷ್ಟೆಲ್ಲ ಮಾಡಿದರೂ ಮೊಲ ಉಳಿಯದೆ ಹೋಗಬಹುದು. ಆಗ ಬೇಕಾದದ್ದು ಉಪೇಕ್ಖಾ. ಅದು ಅಸಡ್ಡೆಯಲ್ಲ ಎಂದು ಬಾಬಾಸಾಹೇಬರು ಬಿಡಿಸಿ ಹೇಳಿದ್ದಾರೆ. ಫಲ ಏನೇ ಬರಲಿ, ಅಲುಗದೆ ಪ್ರಯತ್ನದಲ್ಲಿ ತೊಡಗಿರುವುದು ಉಪೇಕ್ಖಾ. ಪ್ರಯತ್ನವನ್ನೇ ಮಾಡದೆ "ಎಲ್ಲ ಅನಿತ್ಯ" ಅನ್ನುವವನ ಬಾಯಲ್ಲಿ ಅನಿತ್ಯವೂ ಒಂದು ನೆಪವಾಗುತ್ತದೆ. ಮಕ್ಕಳು ಅತ್ತರೆ ಅಳಲಿ, ಸುಮ್ಮನಿರಿಸುವ ಅವಸರ ಬೇಡ. ಒಂದು ಜೀವಕ್ಕಾಗಿ ಮನೆಯವರು ರಾತ್ರಿ ಎದ್ದದ್ದನ್ನು ಅವರು ಕಂಡಿರುತ್ತಾರೆ. ಪಂಚಶೀಲದ ಮೊದಲ ಶೀಲವನ್ನು ಅವರಿಗೆ ಇನ್ನು ಬಾಯಿಪಾಠ ಮಾಡಿಸಬೇಕಿಲ್ಲ.

ಇಂದಿನ ಅಭ್ಯಾಸ: ಮನೆಯಲ್ಲಿ, ಓಣಿಯಲ್ಲಿ ತಮ್ಮ ನೋವನ್ನು ಬಾಯಿಬಿಟ್ಟು ಹೇಳದ ಒಂದು ಜೀವವನ್ನು ಇವತ್ತು ಐದು ನಿಮಿಷ ಗಮನವಿಟ್ಟು ನೋಡೋಣ. ಊಟ ಬಿಟ್ಟ ಅಜ್ಜಿ ಇರಬಹುದು, ಸುಮ್ಮನಾದ ಮಗು ಇರಬಹುದು, ಕಟ್ಟಿದ ಆಡು ಇರಬಹುದು. "ಉಂಡಿಯೇನು?" ಎಂದು ಕೇಳಿ, ಉತ್ತರ ಬರುವ ತನಕ ಅಲ್ಲೇ ನಿಲ್ಲೋಣ.

ನಮೋ ಬುದ್ಧಾಯ. ಜೈ ಭೀಮ್.