ಲೆಕ್ಕಕ್ಕೆ ಸೇರದ ಗಳಿಗೆ

ದಾನದ ಫಲವು ಪಡೆದವನಿಗೆ ದೊರೆತರೆ ಸಾಲದೆ? ಕೊಟ್ಟವನ ಮನೋಭಾವವನ್ನು ಕೆದಕುವುದೇಕೆ? ಈ ಪ್ರಶ್ನೆಯನ್ನು ನಮ್ಮ ಮುಂದಿಟ್ಟವರು ಮಠದ ಪ್ರಸಾದನಿಲಯದಲ್ಲಿದ್ದು ಓದಿ, ಈಗ ದೊಡ್ಡ ಕಂಪನಿಯೊಂದರಲ್ಲಿ ಉದ್ಯೋಗಸ್ಥರಾಗಿರುವ ಹಳೆಯ ವಿದ್ಯಾರ್ಥಿಯೊಬ್ಬರು. ವರ್ಷಕ್ಕೊಂದು ದಿನ ಅವರು ಸಹೋದ್ಯೋಗಿಗಳೊಡನೆ ಹಳ್ಳಿಯ ಶಾಲೆಗಳಿಗೆ ಹೋಗಿ ಮಕ್ಕಳಿಗೆ ವಿಜ್ಞಾನದ ಪ್ರಯೋಗಗಳನ್ನು ತೋರಿಸಿ ಬರುತ್ತಾರೆ. ಭಾವಚಿತ್ರಕ್ಕಾಗಿ ಹೋಗುವಿರೆಂದು ಯಾರೋ ಹಂಗಿಸಿದರಂತೆ. “ಬುದ್ಧೀ, ಕೀರ್ತಿಗಾಗಿ ಕೊಟ್ಟ ಮಸೂರದಲ್ಲಿ ಇರುವೆ ಚಿಕ್ಕದಾಗಿ ಕಾಣುವುದೇನು?” ಎಂದು ಕೇಳಿದರು. ಸುಲಭವಾಗಿ ತಳ್ಳಿಹಾಕುವ ಮಾತಲ್ಲ ಇದು.

ಕಾನೂನು ಏನೆನ್ನುತ್ತದೆ? 2013ರ ಕಂಪನಿ ಕಾಯಿದೆಯ 135ನೆಯ ಕಲಮಿನಂತೆ, ನಿಗದಿತ ಮಟ್ಟವನ್ನು ಮೀರಿದ ಕಂಪನಿಗಳು ಹಿಂದಿನ 3 ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ಕನಿಷ್ಠ ಶೇ. 2ರಷ್ಟನ್ನು ಸಮಾಜಕ್ಕಾಗಿ ವ್ಯಯಿಸಬೇಕು; ವಿದ್ಯಾಭ್ಯಾಸವೂ ಇದರಲ್ಲಿ ಸೇರಿದೆ. ಆದರೆ ನೌಕರರು ಸ್ವ‌ಇಚ್ಛೆಯಿಂದ ಸಲ್ಲಿಸಿದ ಸೇವೆಗೆ ಬೆಲೆ ಕಟ್ಟಿ ಈ ವೆಚ್ಚದಲ್ಲಿ ತೋರಿಸುವಂತಿಲ್ಲವೆಂದು ಕೇಂದ್ರ ಸರ್ಕಾರವು 2021ರಲ್ಲಿ ಸ್ಪಷ್ಟಪಡಿಸಿತು. ಹಣಕ್ಕೆ ಲೆಕ್ಕವುಂಟು, ಗಳಿಗೆಗೆ ಇಲ್ಲ. ಸರ್ಕಾರದ ಉದ್ದೇಶ ಏನಿತ್ತೋ, ನಮಗಂತೂ ಇದು ಉಚಿತವೆನಿಸುತ್ತದೆ. ತೆರಿಗೆಯಂತೆ ತೆರಲೇಬೇಕಾದುದು ದಾನವಾಗದು. ಲೆಕ್ಕದಿಂದ ಹೊರಗುಳಿದ ಆ ಗಳಿಗೆಯಲ್ಲಿ ಮಾತ್ರ ಕೊಡುವವನು ಸ್ವತಂತ್ರ.

ಆ ಸ್ವಾತಂತ್ರ್ಯ ಹೇಗೆ ಬಳಕೆಯಾಗುತ್ತಿದೆ ನೋಡಿ. ಪಾಣೆಮಂಗಳೂರಿನ ಸಮೀಪದ ಶಾಲೆಯೊಂದರಲ್ಲಿ ಇಂತಹ ಕಾರ್ಯಕ್ರಮವನ್ನು ನಾವೇ ಕಂಡೆವು. ತರುಣನೊಬ್ಬ ಲೋಹದ ಗುಂಡನ್ನು ಬಳೆಯೊಳಗೆ ತೂರಿಸಿ ತೋರಿಸಿದ; ಕಾಯಿಸಿದ ಮೇಲೆ ಅದು ತೂರಲಿಲ್ಲ. ಮಕ್ಕಳು ಚಪ್ಪಾಳೆ ತಟ್ಟಿದರು. ಬಾಲಿಕೆಯೊಬ್ಬಳು ಎದ್ದು ನಿಂತು, “ಹಾಗಾದರೆ ನೇತ್ರಾವತಿಯ ಮೇಲಿನ ನಮ್ಮ ಹಳೆಯ ಉಕ್ಕಿನ ಸೇತುವೆಯೂ ಬೇಸಿಗೆಯಲ್ಲಿ ಉದ್ದವಾಗುತ್ತದೆಯೆ? ಹೆಚ್ಚಾದ ಉದ್ದ ಎಲ್ಲಿಗೆ ಹೋಗುತ್ತದೆ?” ಎಂದಳು. ಎಂತಹ ಪ್ರಶ್ನೆ! 100 ಮೀಟರ್ ಉದ್ದದ ಉಕ್ಕು 20 ಡಿಗ್ರಿ ಸೆಲ್ಸಿಯಸ್‌ನಷ್ಟು ಹೆಚ್ಚು ಕಾದರೆ ಸುಮಾರು 24 ಮಿಲಿಮೀಟರ್ ಹಿಗ್ಗುತ್ತದೆ. ಇದನ್ನು ಬಲ್ಲ ಇಂಜಿನಿಯರರು ಸೇತುವೆಗಳ ಜೋಡಣೆಯಲ್ಲಿ ಎಡೆ ಬಿಟ್ಟಿರುತ್ತಾರೆ. ತರುಣನಿಗೂ ಗೊತ್ತಿದ್ದೀತು. ಆದರೆ ಮುಂದಿನ ಶಾಲೆಗೆ ಹೊತ್ತಾಗಿತ್ತು. “ಇನ್ನೊಮ್ಮೆ ಬಂದಾಗ ಹೇಳುತ್ತೇನಮ್ಮಾ” ಎಂದ. ಪಾಪ, ದೋಷ ಅವನದಲ್ಲ. ದಿನಕ್ಕೆ ಇಷ್ಟು ಶಾಲೆಗಳೆಂದು ಯಾರೋ ಗೊತ್ತುಮಾಡಿದ್ದರು. ಮರುವರ್ಷ ಬಂದವರು ಬೇರೆಯವರು, ಹೋದದ್ದು ಬೇರೆ ಶಾಲೆಗೆ.

ಹಳೆಯ ವಿದ್ಯಾರ್ಥಿಗೆ ನಾವು ಹೇಳಿದ್ದಿಷ್ಟು. ಮಸೂರವು ನಿಷ್ಪಕ್ಷಪಾತಿ, ಕೊಟ್ಟವನ ಅಹಂಕಾರ ಅದಕ್ಕೆ ಅಂಟದು, ನಿಜ. ಆದರೆ ಏನನ್ನು ಕೊಡಬೇಕು, ಎಷ್ಟು ಹೊತ್ತು ನಿಲ್ಲಬೇಕು ಎಂಬುದನ್ನು ಆ ಅಹಂಕಾರವೇ ನಿರ್ಣಯಿಸಿಬಿಡುತ್ತದೆ. ಕಾಣಿಸಿಕೊಳ್ಳಬಯಸುವವನು ಮಕ್ಕಳ ಸಂಖ್ಯೆ ಹೆಚ್ಚಿರುವಲ್ಲಿಗೆ ಹೋಗುತ್ತಾನೆ. ಒಬ್ಬ ಬಾಲಿಕೆಯ ಒಂದು ಪ್ರಶ್ನೆಗಾಗಿ ಸೇತುವೆಯವರೆಗೆ ನಡೆದುಹೋದ ಅಪರಾಹ್ನವು ಯಾವ ವರದಿಯಲ್ಲಿಯೂ ಶೋಭಿಸದು. ಆ ನದಿಯಿಂದ ದೂರವಲ್ಲದ ಪುತ್ತೂರಿನಲ್ಲಿ ಬಹುಕಾಲ ನೆಲೆಸಿದ್ದ ಶಿವರಾಮ ಕಾರಂತರು ‘ವಿಜ್ಞಾನ ಪ್ರಪಂಚ’ದ 4 ಸಂಪುಟಗಳನ್ನು ಕನ್ನಡದ ಓದುಗರಿಗಾಗಿ ರಚಿಸಿದರು, ಅದು ಒಂದು ದಿನದ ಉತ್ಸಾಹದಿಂದ ಆಗುವ ಕಾರ್ಯವೇ? ಅಷ್ಟು ದೂರವೇಕೆ, ನಮ್ಮ ಪ್ರಸಾದನಿಲಯದ ಒಲೆ ವರ್ಷಕ್ಕೊಂದು ದಿನ ಮಾತ್ರ ಉರಿದಿದ್ದರೆ ನಿಮ್ಮಲ್ಲಿ ಎಷ್ಟು ಮಂದಿ ಓದು ಮುಗಿಸುತ್ತಿದ್ದಿರಿ? ದಾಸೋಹವೆಂಬುದಕ್ಕೆ ಮರುದಿನವೂ ಇದೆ.

ಅವರು ಕೆಲಹೊತ್ತು ಮೌನವಾಗಿದ್ದರು. ಕಂಪನಿಯ ಕಾರ್ಯಕ್ರಮವನ್ನು ಬದಲಿಸುವುದು ತಮ್ಮ ಕೈಯಲ್ಲಿಲ್ಲವೆಂದರು, ಅದೂ ನಿಜವೇ. ಹೊರಡುವಾಗ ಆ ಶಾಲೆಯ ವಿಳಾಸವನ್ನು ಬರೆದುಕೊಂಡರು. ಬಾಗಿಲವರೆಗೆ ಹೋದವರು ತಿರುಗಿ ಬಂದು, ಆ ಸೇತುವೆಯ ಉದ್ದವೆಷ್ಟಿದ್ದೀತೆಂದು ಕೇಳಿದರು.