ಗಂಟೆ ಕೇಳಿಸಿದರೆ ಸಾಲದು



2013ರ ನವೆಂಬರ್ 29ರ ರಾತ್ರಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಪೊಲೀಸರ ಹಗುರ ಹೆಲಿಕಾಪ್ಟರೊಂದು ಬಾರ್ ಮೇಲೆ ಬಿತ್ತು. 10 ಜನ ತೀರಿಕೊಂಡರು. ದೊಡ್ಡ ಟ್ಯಾಂಕಿನಲ್ಲಿ 70 ಕಿಲೋಗೂ ಹೆಚ್ಚು ಇಂಧನವಿತ್ತು. ಎಂಜಿನ್ ಕಡೆಗೆ ಅದನ್ನು ಸಾಗಿಸುವ ಪಂಪುಗಳು ಆಫ್ ಆಗಿದ್ದವು. ಇಂಧನ ಕಡಿಮೆಯೆಂಬ ಎಚ್ಚರಿಕೆ 5 ಸಲ ಬಂತು. ಪ್ರತಿ ಸಲವೂ 'ಗೊತ್ತಾಯಿತು' ಎಂದು ಗುಂಡಿ ಒತ್ತಲಾಯಿತು. 10 ನಿಮಿಷದೊಳಗೆ ಇಳಿಯಬೇಕಿತ್ತು, ಇಳಿಯಲಿಲ್ಲ.

ಅಜ್ಜೀಪುರದಲ್ಲಿ ಕೂತು ನಾನು ಯೋಚಿಸುವುದಿಷ್ಟು: ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳು ನಮ್ಮ ಟ್ಯಾಂಕಿನ ಇಂಧನ. ಎಲ್ಲರೂ ಸಮಾನರೆಂದು ಓದಿದ ಮನೆಯಲ್ಲಿ 'ಅವ್ವ ಯಾಕೆ ಕೊನೆಗೆ ಉಣ್ಣೋದು?' ಎಂದು ಮಗಳು ಕೇಳಿದರೆ ಅದೇ ಎಚ್ಚರಿಕೆಯ ಗಂಟೆ. 'ನಿಜ ಕಣವ್ವ' ಎಂದು ಸುಮ್ಮನಾದರೆ ಗುಂಡಿ ಒತ್ತಿದಂತೆ ಅಷ್ಟೆ. ಅಪ್ಪಮಾದವೆಂದರೆ ಕೇಳಿಸಿಕೊಂಡದ್ದನ್ನು ನಡೆಯಲ್ಲಿ ತರುವುದು. ಇವತ್ತು ರಾತ್ರಿ ಎಲ್ಲರೂ ಒಟ್ಟಿಗೆ ಕೂತು ಉಣ್ಣೋಣ.